ಹುಳುಮನೆ ಕಂಟ್ರೋಲರ್ ಕಟ್ಟಿದ ದಾಖಲೆ: ಕೋಡಿನಲ್ಲಿ ಹೆಸರಿಗೆ ಹೆಸರು ಅಡ್ಡ ಬಂದ ಕಡೆಗಳು

ಶಿಡ್ಲಘಟ್ಟ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನ ರೇಷ್ಮೆ ಹುಳುಮನೆಗೆ ಒಂದು ಪೆಟ್ಟಿಗೆ ಕಟ್ಟಿದ್ದೇನೆ. ಒಳಗಿನ ಬಿಸಿ, ತೇವ ಅಳೆದು ಫ್ಯಾನು, ಹೀಟರು, ಮಂಜಿನ ಪಂಪು ಮೂರನ್ನೂ ತಾನೇ ಹಾಕಿ ಆರಿಸುತ್ತದೆ. ವೈರಿಂಗ್ ಸಲೀಸಾಗಿ ಮುಗಿಯಿತು. ಸಮಯ ತಿಂದದ್ದು ಕೋಡು, ಅದರಲ್ಲೂ ನಾನು ಸ್ಟ್ರಕ್ಟುಗಳಿಗೆ (ಒಂದಕ್ಕೊಂದು ಸೇರಿದ ಮಾಹಿತಿಯನ್ನು ಒಟ್ಟಿಗೆ ಕಟ್ಟಿಡುವ ಕೋಡಿನ ಅಚ್ಚುಗಳಿಗೆ) ಇಟ್ಟ ಹೆಸರುಗಳು. ಬೋರ್ಡಿನ ಜೊತೆಗೇ ಬರುವ ಕ್ಲಾಸುಗಳ (ಅಂಥವೇ ಸಿದ್ಧ ಅಚ್ಚುಗಳ) ಹೆಸರಿಗೆ ನನ್ನವು ಅಡ್ಡ ಬಂದವು, ಕೊನೆಗೆ ನನ್ನವೇ ಒಂದಕ್ಕೊಂದು ಅಡ್ಡ ಬಂದವು. ವೈರಿಂಗ್ ಚಿತ್ರ ಎಲ್ಲೆಡೆ ಸಿಗುತ್ತದೆ. ಈ ಹೆಸರಿನ ತೊಂದರೆ ಕನ್ನಡದಲ್ಲಿ ನನಗೆ ಸಿಗಲಿಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ. ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಎಡಿಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

ಹಂತ 1: ಸಾಮಾನು, ಅಳತೆ, ಖರ್ಚು

ಹುಳುಮನೆ 40 ಅಡಿ ಉದ್ದ, 20 ಅಡಿ ಅಗಲ. ಮೇಲೆ ಶೀಟು, ಶೀಟಿನ ಮೇಲೆ ತೆಂಗಿನ ಗರಿ. ಒಳಗೆ ಎರಡು ಸಾಲು ಸ್ಟ್ಯಾಂಡು. ಎಡಸಾಲಿನ ಸ್ಟ್ಯಾಂಡುಗಳ ಕಾಲಿನ ಮೇಲೆ ಎ1, ಎ2 ಎಂದೂ ಬಲಸಾಲಿನವಕ್ಕೆ ಬಿ1, ಬಿ2 ಎಂದೂ ಚಿಕ್ಕಪ್ಪ ಬಣ್ಣದಲ್ಲಿ ಬರೆಸಿದ್ದಾರೆ. ಈ ನಂಬರುಗಳ ಕಥೆ ಮುಂದೆ ಬರುತ್ತದೆ.

ಚಾಕಿ ಹುಳುವನ್ನು (ಮರಿ ಹುಳು) ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ತರುತ್ತಾರೆ. ಹಾಗಾಗಿ ಇಲ್ಲಿಗೆ ಬೇಕಾದದ್ದು ದೊಡ್ಡ ಹುಳುವಿನ ಹವೆ ಮಾತ್ರ: 24ರಿಂದ 25 ಡಿಗ್ರಿ ಬಿಸಿ, ಶೇ 70ರ ಆಸುಪಾಸು ತೇವ. ಚಾಕಿಗಾದರೆ 26ರಿಂದ 28 ಡಿಗ್ರಿ, ಶೇ 85ರಿಂದ 90 ತೇವ ಬೇಕಾಗುತ್ತಿತ್ತು. ಹುಳು ಹಣ್ಣಾಗಿ ಚಂದ್ರಂಕಿಗೆ (ಗೂಡು ಕಟ್ಟಿಸುವ ತಟ್ಟೆ) ಬಿಟ್ಟ ಮೇಲೆ ತೇವವನ್ನು 60–65ಕ್ಕೆ ಇಳಿಸಿ ಗಾಳಿ ಆಡಿಸಬೇಕು. ಚಳಿಯ ಜೊತೆ ತೇವವೂ ಏರಿದರೆ ಸುಣ್ಣಕಟ್ಟು ರೋಗ ಬರುವ ಭಯ, ತೇವ ಇಳಿದರೆ ಸೊಪ್ಪು ಬಾಡಿ ಹುಳು ಬಾಯಿ ಹಾಕುವುದಿಲ್ಲ.

ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದದ್ದು. ಇಎಸ್‌ಪಿ32 ಬೋರ್ಡು (ಕೋಡು ಓಡಿಸುವ ಚಿಕ್ಕ ಕಂಟ್ರೋಲರ್) 450 ರೂಪಾಯಿ, ಡಿಎಚ್‌ಟಿ22 ಸೆನ್ಸರ್ (ಬಿಸಿ, ತೇವ ಅಳೆಯುವುದು) ಎರಡು ಸೇರಿ 480, ನಾಲ್ಕು ಚಾನೆಲ್ ರಿಲೇ 180, 5 ವೋಲ್ಟ್ 2 ಆಂಪ್ ಎಸ್‌ಎಂಪಿಎಸ್ 220, 25 ಆಂಪ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ದೊಡ್ಡ ರಿಲೇ) 780, 16 ಆಂಪ್ ಎಂಸಿಬಿ 190, ಪ್ಲಾಸ್ಟಿಕ್ ಪೆಟ್ಟಿಗೆ 350, ವೈರು, ಲಗ್ಗು, ಕ್ಲಿಪ್ಪು ಎಲ್ಲ ಸೇರಿ 600. ಅಲ್ಲಿಗೆ 3,250. ಮಂಜಿನ ಪಂಪು, ನಾಜಲ್, ಪೈಪು 2,800. ಫ್ಯಾನು, ಹೀಟರು ಮೊದಲೇ ಇದ್ದವು. ಆರ್ಡುಯಿನೋ ಯುನೋ ಎಂಬ ಇನ್ನೊಂದು ಬೋರ್ಡು ಕಾಲೇಜಿನ ಕಾಲದ್ದು ನನ್ನ ಹತ್ತಿರವೇ ಇತ್ತು.

ಕಾಂಟ್ಯಾಕ್ಟರ್ ಯಾಕೆಂದರೆ, ಹೀಟರು 2 ಕಿಲೋವ್ಯಾಟ್, 230 ವೋಲ್ಟಿನಲ್ಲಿ ಹೆಚ್ಚುಕಮ್ಮಿ 8.7 ಆಂಪ್ ಎಳೆಯುತ್ತದೆ. ಈ ಅಗ್ಗದ ರಿಲೇ ಮೇಲೆ 10 ಆಂಪ್ ಎಂದು ಬರೆದಿದ್ದರೂ ಗಂಟೆಗಟ್ಟಲೆ ಅಷ್ಟು ಕರೆಂಟ್ ಹರಿಸುವ ಧೈರ್ಯ ನನಗಿಲ್ಲ. ರಿಲೇ ಕಾಂಟ್ಯಾಕ್ಟರಿನ ಕಾಯಿಲ್ ಎಳೆಯಲಿ, ಕಾಂಟ್ಯಾಕ್ಟರ್ ಹೀಟರನ್ನು ನೋಡಿಕೊಳ್ಳಲಿ.

ಹಂತ 2: ಯುನೋ ಮೇಲೆ, ಮೇಜಿನ ಮೇಲೆ

ಮೊದಲು ಯುನೋ ಇಟ್ಟು, ಫ್ಯಾನು ಹೀಟರಿನ ಜಾಗದಲ್ಲಿ ಬಲ್ಬುಗಳನ್ನು ಜೋಡಿಸಿ ಪರೀಕ್ಷೆ ಮಾಡಿದೆ. ಡಿಎಚ್‌ಟಿ22ರ ಡೇಟಾ ಕಾಲಿಗೆ 10 ಕಿಲೋಓಮ್ ಪುಲ್‌ಅಪ್ ಹಾಕಿದೆ. ಎರಡು ಸೆಕೆಂಡಿಗಿಂತ ಬೇಗ ಅದನ್ನು ಓದಬಾರದು, ನಾನು ಐದು ಸೆಕೆಂಡಿಗೊಮ್ಮೆ ಓದಿಸಿದೆ.

ಯಾವ ಸ್ಟ್ಯಾಂಡಿಗೆ ಹುಳು ಎಂದು ಬಿಟ್ಟದ್ದು, ಈಗ ಎಷ್ಟನೇ ಜ್ವರ ಎಂಬುದನ್ನು ಇಟ್ಟುಕೊಳ್ಳಲು 'ರ‍್ಯಾಕ್' ಎಂಬ ಸ್ಟ್ರಕ್ಟ್ ಬರೆದೆ. ಸ್ಟ್ಯಾಂಡಿನ ಮೇಲಿನ ಹೆಸರನ್ನೇ ಕೋಡಿಗೂ ತಂದು 'ಎ1', 'ಎ2', 'ಬಿ1', 'ಬಿ2' ಎಂದು ನಾಲ್ಕು ರ‍್ಯಾಕ್ ಘೋಷಿಸಿದೆ. ಕಂಪೈಲ್ (ಕೋಡನ್ನು ಬೋರ್ಡು ಓಡಿಸುವ ರೂಪಕ್ಕೆ ತಿರುಗಿಸುವುದು) ಕೊಟ್ಟರೆ ಎ1, ಎ2 ಎರಡಕ್ಕೂ 'ಕಾನ್‌ಫ್ಲಿಕ್ಟಿಂಗ್ ಡಿಕ್ಲರೇಶನ್' ಎಂದು ಬಂತು. ಬಿ1ಕ್ಕೆ ಬೇರೆಯೇ ಎರರ್: ಸಂಖ್ಯೆಯ ಮುಂದೆ ಹೆಸರು ಬೇಕಿತ್ತು ಎಂದು. ನಾನು ಅಲ್ಲಿ ಸಂಖ್ಯೆಯನ್ನೇ ಬರೆದಿರಲಿಲ್ಲ. ಬಿ2ಕ್ಕೆ ಏನೂ ಇಲ್ಲ, ತೆಪ್ಪಗೆ ಕಂಪೈಲ್ ಆಯಿತು.

ಎ1, ಎ2 ಎಂಬುವು ಯುನೋದ ಅನಲಾಗ್ ಪಿನ್ನುಗಳ ಹೆಸರು. ಆರ್ಡುಯಿನೋ ಅವನ್ನು ಮೊದಲೇ ಸ್ಥಿರಾಂಕಗಳಾಗಿ ಘೋಷಿಸಿಟ್ಟಿರುತ್ತದೆ, ಅದೇ ಹೆಸರಿನಲ್ಲಿ ನಾನು ರ‍್ಯಾಕ್ ಮಾಡಲು ಹೋದೆ. ಬಿ1ದು ಮ್ಯಾಕ್ರೋ ಜಗಳ. ಬೈನರಿ ಸಂಖ್ಯೆ ಬರೆಯಲು ಅನುಕೂಲವಾಗಲಿ ಎಂದು ಬಿ0, ಬಿ1, ಬಿ10, ಬಿ11 ಹೀಗೆ ಎಂಟು ಅಂಕಿಯವರೆಗೆ ಮ್ಯಾಕ್ರೋಗಳನ್ನು ಇಟ್ಟಿದ್ದಾರೆ. ಕಂಪೈಲರ್ ನನ್ನ ಸಾಲನ್ನು ನೋಡುವ ಮೊದಲೇ ಪ್ರಿಪ್ರೊಸೆಸರ್ ಬಿ1ನ್ನು ತೆಗೆದು 1 ಎಂದು ಬರೆದಿರುತ್ತದೆ. 2 ಎಂಬ ಅಂಕಿ ಬೈನರಿಯಲ್ಲಿ ಇಲ್ಲದ್ದರಿಂದ ಬಿ2 ಉಳಿದುಕೊಂಡಿತು. ಮುಂದೆ ಹತ್ತನೇ ಸ್ಟ್ಯಾಂಡು ಸೇರಿಸಿದ ದಿನ ಬಿ10 ಮತ್ತೆ ಒಡೆಯುತ್ತಿತ್ತು.

ನಾಲ್ಕು ಬಿಡಿ ಹೆಸರು ಬಿಟ್ಟು 'ಎಡಸಾಲು', 'ಬಲಸಾಲು' ಎಂದು ಎರಡು ಅರೇ ಮಾಡಿಕೊಂಡೆ. ಸ್ಟ್ಯಾಂಡಿನ ನಂಬರು ಅರೇಯ ಇಂಡೆಕ್ಸ್ ಆಯಿತು.

ಇದೇ ಹಂತದಲ್ಲಿ ಇನ್ನೊಂದು ತೊಡಕು. ಮುಖ್ಯ ಸ್ಕೆಚ್ (ಆರ್ಡುಯಿನೋ ಪ್ರೋಗ್ರಾಮ್) ಫೈಲಿನಲ್ಲಿ, ಒಂದೆರಡು ಫಂಕ್ಷನ್ ಬರೆದಾದ ಮೇಲೆ ರ‍್ಯಾಕ್ ಸ್ಟ್ರಕ್ಟ್ ಇತ್ತು, ಅದರ ಕೆಳಗೆ ರ‍್ಯಾಕನ್ನು ಒಳಗೆ ತೆಗೆದುಕೊಳ್ಳುವ ಫಂಕ್ಷನ್. 'ರ‍್ಯಾಕ್ ಎಂಬುದೇ ಘೋಷಣೆಯಾಗಿಲ್ಲ' ಎಂದು ಎರರ್. ಕಣ್ಣೆದುರಿಗೇ ಇದೆ! ಇದೂ ಯಾವುದೋ ಒಳಗಿನ ಹೆಸರಿನ ಜೊತೆ ಜಗಳ ಎಂದುಕೊಂಡು 'ರ‍್ಯಾಕ್' ಹೋಗಿ 'ಸ್ಟ್ಯಾಂಡ್', ಅದೂ ಹೋಗಿ 'ಹುಳುಸ್ಟ್ಯಾಂಡ್' ಎಂದೆಲ್ಲ ಮಾಡಿ ನೋಡಿದೆ. ಯಾವ ಹೆಸರಿಟ್ಟರೂ ಅದೇ ಎರರ್. ಹೆಸರು ಬದಲಿಸಿದರೂ ಎರರ್ ಬದಲಾಗದಿದ್ದರೆ ಅದು ಹೆಸರಿನ ಜಗಳವಲ್ಲ ಎಂದು ತಿಳಿಯಬೇಕು. ಸ್ಕೆಚ್ ಫೈಲಿನಲ್ಲಿರುವ ಫಂಕ್ಷನ್ನುಗಳ ಪ್ರೊಟೊಟೈಪುಗಳನ್ನು (ಫಂಕ್ಷನ್ನಿನ ಒಂದು ಸಾಲಿನ ಘೋಷಣೆ) ಆರ್ಡುಯಿನೋ ತಾನೇ ತಯಾರಿಸಿ ಮೊದಲ ಫಂಕ್ಷನ್ನಿನ ಮೇಲೆ ಸೇರಿಸುತ್ತದೆ. ಆ ಜಾಗದಲ್ಲಿ ನನ್ನ ಸ್ಟ್ರಕ್ಟ್ ಇನ್ನೂ ಬಂದೇ ಇರುವುದಿಲ್ಲ. ಸ್ಟ್ರಕ್ಟನ್ನು ಬೇರೆ ಹೆಡರ್ ಫೈಲಿಗೆ (ಉಳಿದ ಫೈಲುಗಳು ಒಳಗೆ ಸೇರಿಸಿಕೊಳ್ಳುವ ಫೈಲು) ಹಾಕಿ ಸ್ಕೆಚ್ಚಿನ ತಲೆಯಲ್ಲಿ ಇನ್‌ಕ್ಲೂಡ್ ಮಾಡಿದೆ, ಸರಿಹೋಯಿತು.

ಹಂತ 3: ಇಎಸ್‌ಪಿ32ಕ್ಕೆ ಹೋದಾಗ

ಹುಳುಮನೆಯೊಳಗಿನ ಬಿಸಿ, ತೇವ ಚಿಕ್ಕಪ್ಪನ ಫೋನಿನಲ್ಲಿ ಕಾಣಬೇಕಿತ್ತು, ಅದಕ್ಕೆ ವೈಫೈ ಇರುವ ಇಎಸ್‌ಪಿ32. ಯುನೋದಲ್ಲಿ ಓಡುತ್ತಿದ್ದ ಕೋಡನ್ನೇ ಪಿನ್ ನಂಬರ್ ಮಾತ್ರ ಬದಲಿಸಿ ಹಾಕಿದೆ. ಅಳತೆಗಳನ್ನು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಕಳಿಸಬೇಕೆಂದು, ಅದರ ವಿಳಾಸ, ಪೋರ್ಟ್ ಇಟ್ಟುಕೊಳ್ಳುವ 'ಸರ್ವರ್' ಎಂಬ ಸ್ಟ್ರಕ್ಟನ್ನು ಯುನೋ ಕಾಲದಲ್ಲೇ ಬರೆದಿಟ್ಟಿದ್ದೆ. ಅಲ್ಲಿ ತಂಟೆ ಮಾಡದ ಅದು ಇಲ್ಲಿ 'ರೀಡೆಫಿನಿಶನ್' ಎಂದಿತು. ಸ್ಕೆಚ್ಚಿನಲ್ಲಿ ವೈಫೈ ಲೈಬ್ರರಿಯನ್ನು ಇನ್ನೂ ಸೇರಿಸಿಯೇ ಇರಲಿಲ್ಲ.

ಎರಡು ಬೋರ್ಡುಗಳ 'ಆರ್ಡುಯಿನೋ.ಎಚ್' ಫೈಲನ್ನು ಪಕ್ಕಪಕ್ಕ ತೆರೆದು ನೋಡಿದೆ. ಇಎಸ್‌ಪಿ32ರದ್ದು ಕ್ಲೈಂಟ್, ಸರ್ವರ್, ಯುಡಿಪಿ, ಐಪಿಅಡ್ರೆಸ್ ಇವೆಲ್ಲವನ್ನೂ ತಾನೇ ಎಳೆದುಕೊಂಡು ಬರುತ್ತದೆ. ಯುನೋದ್ದು ಸರ್ವರನ್ನು ಹಾಗೆ ತರುವುದಿಲ್ಲ, ಈಥರ್‌ನೆಟ್ ಲೈಬ್ರರಿ ಹಾಕಿದಾಗ ಮಾತ್ರ ಬರುತ್ತದೆ. ಹಾಗಾಗಿ ಒಂದು ಬೋರ್ಡಿನಲ್ಲಿ ಖಾಲಿ ಇದ್ದ ಹೆಸರು ಇನ್ನೊಂದರಲ್ಲಿ ಭರ್ತಿಯಾಗಿರುತ್ತದೆ. ಈ ಹೋಲಿಕೆ ಮಾಡಿ ನೋಡಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಹೊಸ ಬೋರ್ಡಿಗೆ ಹೋಗುವ ಮೊದಲು ಅದರ ಆ ಒಂದು ಫೈಲನ್ನು ತೆರೆದು ಏನೇನು ಇನ್‌ಕ್ಲೂಡ್ ಆಗುತ್ತದೆ ಎಂದು ಓದಿಕೊಳ್ಳಿ. ಸ್ಟ್ರೀಮ್, ಪ್ರಿಂಟ್, ಸ್ಟ್ರಿಂಗ್, ಕ್ಲೈಂಟ್, ಸರ್ವರ್ ಎಂಬ ಹೆಸರುಗಳನ್ನು ನಿಮ್ಮ ಸ್ಟ್ರಕ್ಟಿಗೆ ಇಡಬೇಡಿ.

'ಟೈಮ್' ವಿಚಿತ್ರವಾಗಿ ಕಾಡಿತು. ಗಂಟೆ, ನಿಮಿಷ ಎರಡೇ ಇರುವ ಚಿಕ್ಕ ಸ್ಟ್ರಕ್ಟಿಗೆ ಸಣ್ಣಕ್ಷರದಲ್ಲಿ 'ಟೈಮ್' ಎಂದು ಹೆಸರಿಟ್ಟಿದ್ದೆ. ಸ್ಟ್ರಕ್ಟ್ ಬರೆದ ಸಾಲಿಗೆ ಎರರ್ ಇಲ್ಲ. ಅದನ್ನು ಬಳಸಿ ವೇರಿಯಬಲ್ ಮಾಡಿದ ಸಾಲಿಗೆ ಸೆಮಿಕೋಲನ್ ಬಿಟ್ಟಿದ್ದೀಯ ಎಂಬಂಥ ಎರರ್. 'ಟೈಮ್' ಎಂಬ ಫಂಕ್ಷನ್ ಸಿ ಲೈಬ್ರರಿಯಲ್ಲಿ ಮೊದಲಿಂದ ಇದೆ. ಫಂಕ್ಷನ್ನಿಗೂ ಸ್ಟ್ರಕ್ಟಿಗೂ ಒಂದೇ ಹೆಸರಿದ್ದರೆ ಸಿ++ ಅದನ್ನು ಒಪ್ಪುತ್ತದೆ, ಆದರೆ ಬರೀ ಹೆಸರು ಹೇಳಿದರೆ ಫಂಕ್ಷನ್ ಎಂದೇ ತಿಳಿಯುತ್ತದೆ. 'ಸ್ಟ್ರಕ್ಟ್ ಟೈಮ್' ಎಂದು ಪೂರ್ತಿ ಬರೆದರೆ ನಡೆಯುತ್ತದೆ. ಲಿನಕ್ಸಿನ 'ಸ್ಟ್ಯಾಟ್' ಫಂಕ್ಷನ್ನು, 'ಸ್ಟ್ಯಾಟ್' ಸ್ಟ್ರಕ್ಟು ಹೀಗೆಯೇ ಎಷ್ಟೋ ವರ್ಷದಿಂದ ಒಟ್ಟಿಗಿವೆ. ನಾನು ಆ ಹಾದಿ ಹಿಡಿಯದೆ 'ಹೊತ್ತು' ಎಂದು ಹೆಸರು ಬದಲಿಸಿದೆ.

ಕಾಲೇಜಿನಲ್ಲಿ ಸಿ++ ಕಲಿತವರಿಗೆ 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ' ಎಂದು ಮೊದಲ ಸಾಲಿನಲ್ಲೇ ಬರೆಯುವ ಅಭ್ಯಾಸ ಇರುತ್ತದೆ, ನನಗೂ ಇದೆ. ನೇಮ್‌ಸ್ಪೇಸ್ ಎಂದರೆ ಹೆಸರುಗಳನ್ನು ಗುಂಪು ಮಾಡಿಡುವ ಆವರಣ, ಎಸ್‌ಟಿಡಿ ಎಂಬುದು ಸಿ++ ಜೊತೆಗೇ ಬರುವ ಹೆಸರುಗಳ ಗುಂಪು. ಆರ್ಡುಯಿನೋದಲ್ಲಿ 'ಬೈಟ್' ಮೊದಲಿಂದ ಇರುವ ಹೆಸರು. ಸಿ++ 17ರಿಂದ ಎಸ್‌ಟಿಡಿ ಒಳಗೂ ಒಂದು 'ಬೈಟ್' ಬಂದಿದೆ. ಆ ಸಾಲಿದ್ದರೆ ಯಾವ ಬೈಟ್ ಎಂದು ಗೊತ್ತಾಗದೆ ಕಂಪೈಲರ್ ನಿಲ್ಲುತ್ತದೆ. ಸಾಲನ್ನೇ ಅಳಿಸಿದೆ.

ಹಂತ 4: ಫ್ಯಾನಿನೊಳಗಿನ 'ಡಿಲೇ'

ಫ್ಯಾನು ಆರಿದ ಕೂಡಲೇ ಮತ್ತೆ ಹತ್ತಬಾರದು, ನಡುವೆ ಸ್ವಲ್ಪ ಬಿಡುವು ಬೇಕು. 'ಫ್ಯಾನ್' ಸ್ಟ್ರಕ್ಟಿನಲ್ಲಿ ಸೆಕೆಂಡ್ ಲೆಕ್ಕದಲ್ಲಿ ಕಾಯಿಸುವ 'ಡಿಲೇ' ಎಂಬ ಫಂಕ್ಷನ್ ಬರೆದೆ. ಅದರೊಳಗೆ ಸೆಕೆಂಡನ್ನು ಸಾವಿರದಿಂದ ಗುಣಿಸಿ ಆರ್ಡುಯಿನೋದ 'ಡಿಲೇ' ಕರೆದು, ಆಮೇಲೆ ಪಿನ್ ಬದಲಿಸುವ ಸಾಲು. ಕಂಪೈಲ್ ಆಯಿತು, ಅಪ್‌ಲೋಡ್ ಆಯಿತು. ಫ್ಯಾನಿನ ಸರದಿ ಬಂದಾಗಲೆಲ್ಲ ಬೋರ್ಡು ರೀಸ್ಟಾರ್ಟ್ ಆಗತೊಡಗಿತು. ಸೀರಿಯಲ್ ಮಾನಿಟರಿನಲ್ಲಿ 'ಸ್ಟ್ಯಾಕ್ ಕ್ಯಾನರಿ ವಾಚ್‌ಪಾಯಿಂಟ್ ಟ್ರಿಗರ್ಡ್' ಎಂಬ ಸಾಲು.

ಕರೆಂಟ್ ಸಾಲುತ್ತಿಲ್ಲ ಎಂದು ಎಸ್‌ಎಂಪಿಎಸ್ ಬದಲಿಸಿದ್ದು ದಂಡ. ಸ್ಟ್ರಕ್ಟಿನ ಒಳಗಿಂದ ಒಂದು ಹೆಸರು ಕರೆದರೆ ಸಿ++ ಮೊದಲು ಆ ಸ್ಟ್ರಕ್ಟಿನೊಳಗೇ ಹುಡುಕುತ್ತದೆ, ಅಲ್ಲಿ ಸಿಕ್ಕರೆ ಹೊರಗೆ ಹೋಗುವುದಿಲ್ಲ. ನನ್ನ ಡಿಲೇ ತನ್ನನ್ನೇ ಕರೆದುಕೊಳ್ಳುತ್ತ ಹೋಗಿ ಸ್ಟ್ಯಾಕ್ (ಕರೆದ ಫಂಕ್ಷನ್ನುಗಳ ಲೆಕ್ಕ ಇಡುವ ಮೆಮೊರಿ) ತುಂಬಿತ್ತು. ಹೆಸರಿನ ಮುಂದೆ ಎರಡು ಕೋಲನ್ ಹಾಕಿದರೆ ಹೊರಗಿನದನ್ನು ಕರೆಯುತ್ತದೆ. ನಾನು ಎರಡೂ ಮಾಡಿದೆ: ನನ್ನ ಫಂಕ್ಷನ್ನಿನ ಹೆಸರನ್ನು 'ಬಿಡುವು' ಎಂದು ಬದಲಿಸಿ, ಒಳಗೆ ಎರಡು ಕೋಲನ್ ಕೂಡ ಇಟ್ಟೆ. ಆರ್ಡುಯಿನೋ ಐಡಿಇಯ (ಕೋಡು ಬರೆಯುವ ಎಡಿಟರ್) ಪ್ರಿಫರೆನ್ಸಸ್ಸಿನಲ್ಲಿ ಕಂಪೈಲರ್ ವಾರ್ನಿಂಗ್ಸ್ 'ನನ್' ಎಂದಿರುತ್ತದೆ, ಅದನ್ನು 'ಆಲ್' ಮಾಡಿದ್ದೂ ಅವತ್ತೇ.

ಹಂತ 5: ಎರಡು ಲೈಬ್ರರಿ, ಎರಡೂ ನನ್ನವಲ್ಲ

ವೈಫೈ ಪಾಸ್‌ವರ್ಡನ್ನು ಫೋನಿನಿಂದಲೇ ಕೊಡಲು ವೈಫೈಮ್ಯಾನೇಜರ್ ಲೈಬ್ರರಿ, ಪುಟ ತೋರಿಸಲು ಅಸಿಂಕ್ ವೆಬ್‌ಸರ್ವರ್ ಲೈಬ್ರರಿ. ಎರಡನ್ನೂ ಒಂದೇ ಫೈಲಿಗೆ ಸೇರಿಸಿದ ಕೂಡಲೇ 'ಎಚ್‌ಟಿಟಿಪಿ ಗೆಟ್', 'ಎಚ್‌ಟಿಟಿಪಿ ಪೋಸ್ಟ್' ಎಂಬ ಹೆಸರುಗಳ ಮೇಲೆ ಎರರುಗಳ ಸಾಲು. ನಾನು ಹಾಕಿದ್ದ ವರ್ಶನ್‌ಗಳಲ್ಲಿ ಎರಡೂ ಕಡೆಯವರು ಇದೇ ಹೆಸರಿನ ಈನಮ್ (ಹೆಸರು ಕೊಟ್ಟ ಸ್ಥಿರಾಂಕಗಳ ಪಟ್ಟಿ) ಇಟ್ಟುಕೊಂಡಿದ್ದರು. ನನ್ನ ಹೆಸರಾಗಿದ್ದರೆ ಬದಲಿಸಬಹುದಿತ್ತು. ಲೈಬ್ರರಿಯೊಳಗೆ ಕೈಹಾಕಿ ಒಂದರ ಹೆಸರು ತಿದ್ದಿದೆ, ಕೆಲಸವೂ ಆಯಿತು. ಆದರೆ ಲೈಬ್ರರಿ ಅಪ್‌ಡೇಟ್ ಕೊಟ್ಟಾಗ ನನ್ನ ತಿದ್ದುಪಡಿಯೆಲ್ಲ ಹೋಗಿ ಎರರು ಹಾಗೇ ವಾಪಸ್ ಬಂತು. ಆ ದಾರಿ ಬೇಡ.

ಉಳಿಯುವ ದಾರಿ ಎಂದರೆ ಎರಡನ್ನೂ ಒಂದೇ ಫೈಲಿನಲ್ಲಿ ಮುಖಾಮುಖಿ ಮಾಡದಿರುವುದು. ವೈಫೈ ಹೊಂದಿಸುವ ಕೆಲಸ ಒಂದು ಸಿಪಿಪಿ (ಸಿ++ ಕೋಡಿನ) ಫೈಲಿಗೆ, ಪುಟ ತೋರಿಸುವ ಕೆಲಸ ಇನ್ನೊಂದಕ್ಕೆ. ಒಂದೊಂದು ಸಿಪಿಪಿ ಫೈಲೂ ಬೇರೆ ಬೇರೆಯಾಗಿ ಕಂಪೈಲ್ ಆಗುವುದರಿಂದ ಈನಮ್ ಹೆಸರುಗಳು ಒಂದಕ್ಕೊಂದು ಕಾಣುವುದಿಲ್ಲ. ಅದೇ ಹುಮ್ಮಸ್ಸಿನಲ್ಲಿ ಉಳಿದ ಕೋಡನ್ನೂ ವಿಂಗಡಿಸಿದೆ: ಬಿಸಿಗೆ 'ಟೆಂಪ್.ಸಿಪಿಪಿ', ತೇವಕ್ಕೆ 'ಹ್ಯೂಮಿಡ್.ಸಿಪಿಪಿ'. ಫೈಲು ಬೇರೆಯಾದರೆ ಹೆಸರೂ ಬೇರೆ ಎಂಬ ಲೆಕ್ಕ ನನ್ನದು. ಈನಮ್ ಮಟ್ಟಿಗೆ ಅದು ನಡೆಯಿತು. ಸ್ಟ್ರಕ್ಟಿನ ಮಟ್ಟಿಗೆ ನಡೆಯುವುದಿಲ್ಲ.

ಪೆಟ್ಟಿಗೆಯನ್ನು ಹುಳುಮನೆಯ ಗೋಡೆಗೆ ಹಾಕಿದೆವು. ಸೆನ್ಸರುಗಳನ್ನು ಸ್ಟ್ಯಾಂಡಿನ ನಡು ಅಂತಸ್ತಿನ ಎತ್ತರಕ್ಕೆ, ಮಂಜಿನ ನಾಜಲ್ಲಿನಿಂದ ಆರಡಿ ದೂರಕ್ಕೆ ಕಟ್ಟಿದೆವು.

ಹಂತ 6: ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಫ್ಯಾನು ನಿಲ್ಲುವುದಿಲ್ಲ

ಹುಳು ಮೂರನೇ ಜ್ವರ ಎದ್ದಿತ್ತು. ಬೆಳಗ್ಗೆ ಚಿಕ್ಕಪ್ಪನ ಫೋನ್ ಬಂತು.

"ಫ್ಯಾನು ರಾತ್ರಿಯೆಲ್ಲ ನಿಂತೇ ಇಲ್ಲ ಕಣಪ್ಪ. ಸೊಪ್ಪೆಲ್ಲ ಬಾಡಿ ಒಣಗಿಬಿಟ್ಟೈತೆ."

"ಪಂಪು ಓಡಿತಾ ಚಿಕ್ಕಪ್ಪ?"

"ಪಂಪಾ? ಅದು ಒಂದು ಸಲಾನೂ ಸದ್ದು ಮಾಡಲಿಲ್ಲ."

ಪೆಟ್ಟಿಗೆಯ ಮೇನ್ ಆಫ್ ಮಾಡಿಸಿದೆ. ಅವರು ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿ, ಹೊಸ ಸೊಪ್ಪು ಹಾಕಿ, ಹಳೆಯ ಪದ್ಧತಿಯಲ್ಲೇ ಆ ಬೆಳೆ ಮುಂದುವರಿಸಿದರು. ಹುಳುವಿಗೆ ಹೆಚ್ಚು ಪೆಟ್ಟಾಗಲಿಲ್ಲ. ಪೆಟ್ಟಿಗೆ ಮತ್ತೆ ನನ್ನ ಮೇಜಿಗೆ ಬಂತು, ರಿಲೇಗಳಿಗೆ ಮತ್ತೆ ಬಲ್ಬುಗಳು.

ಅನುಮಾನ ಮೊದಲು ಸೆನ್ಸರಿನ ಮೇಲೆ. ಎರಡನೇ ಸೆನ್ಸರ್ ಹಾಕಿದೆ, ಅದೇ ಕಥೆ. ತೇವ ಶೇ 68 ಎಂದು ಸರಿಯಾಗಿಯೇ ಓದುತ್ತಿದೆ, ಫ್ಯಾನಿನ ಬಲ್ಬು ಉರಿಯುತ್ತಲೇ ಇದೆ. ಮಿತಿಗಳನ್ನು ಬೋರ್ಡಿನ ಫ್ಲ್ಯಾಶಿನಲ್ಲಿ 'ಪ್ರಿಫರೆನ್ಸಸ್' ಲೈಬ್ರರಿಯ ಮೂಲಕ ಉಳಿಸಿದ್ದೆ, ಬಿಸಿಗೊಂದು ವಿಭಾಗ, ತೇವಕ್ಕೊಂದು ವಿಭಾಗ. ಅಲ್ಲಿ ತಪ್ಪು ಸೇರಿಕೊಂಡಿದೆಯೇ ಎಂದು ಬೇರೆ ಸ್ಕೆಚ್ ಬರೆದು ಓದಿದೆ. ಬಿಸಿ 24–25, ತೇವ 65–75, ಎಲ್ಲ ಸರಿ. ಆದರೂ ಫ್ಲ್ಯಾಶನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಏನೂ ಬದಲಾಗಲಿಲ್ಲ.

ಆಮೇಲೆ ತೇವದ ಫೈಲಿನಲ್ಲಿ, ಮಿತಿ ಓದಿದ ಮರುಸಾಲಿನಲ್ಲೇ, ಓದಿದ್ದನ್ನು ಪ್ರಿಂಟ್ ಮಾಡಿಸಿದೆ. ಕನಿಷ್ಠ 24, ಗರಿಷ್ಠ 25. ತೇವದ ಜಾಗದಲ್ಲಿ ಬಿಸಿಯ ಮಿತಿ ಬಂದು ಕೂತಿದೆ! ಶೇ 68 ಎನ್ನುವುದು 25ಕ್ಕಿಂತ ಮೇಲೆ ತಾನೇ, ಹಾಗಾಗಿ ತೇವ ಜಾಸ್ತಿಯಾಯಿತೆಂದು ಫ್ಯಾನು ಸದಾ ಓಡುತ್ತಿತ್ತು. ತೇವ 24ಕ್ಕಿಂತ ಕೆಳಗೆ ಬೀಳುವುದೇ ಇಲ್ಲವಾದ್ದರಿಂದ ಪಂಪು ಒಮ್ಮೆಯೂ ಹತ್ತಲಿಲ್ಲ. ಚಿಕ್ಕಪ್ಪ ಹೇಳಿದ್ದಕ್ಕೆ ಅಕ್ಷರಶಃ ತಾಳೆಯಾಯಿತು. ಕೋಡಿನಲ್ಲಿ ನೋಡಿದರೆ ತೇವದ ಫೈಲು ತೇವದ ವಿಭಾಗವನ್ನೇ ಓದುವಂತೆ ಬರೆದಿದೆ.

ಕಾರಣ ಹೊಳೆದದ್ದು ಫೈಲಿನ ಹೆಸರು ಬದಲಿಸಿದಾಗ. ಗೊಂದಲವಾಗದಿರಲಿ ಎಂದು ತೇವದ ಫೈಲನ್ನು 'ಹ್ಯೂಮಿಡ್' ಬಿಟ್ಟು 'ತೇವ' ಎಂದೂ, ಬಿಸಿಯದನ್ನು 'ಬಿಸಿ' ಎಂದೂ ಮಾಡಿ, ಒಳಗೆ ಒಂದಕ್ಷರವೂ ಮುಟ್ಟದೆ ಅಪ್‌ಲೋಡ್ ಮಾಡಿದೆ. ಫ್ಯಾನಿನ ಬಲ್ಬು ಆರಿತು. ಹೀಟರಿನ ಬಲ್ಬು ಹತ್ತಿತು, ಹತ್ತಿದ್ದು ಆರಲಿಲ್ಲ. ಈಗ ಬಿಸಿಯ ಮಿತಿ ಕನಿಷ್ಠ 65, ಗರಿಷ್ಠ 75 ಆಗಿತ್ತು. ಅದು ಬಲ್ಬಿನ ಬದಲು ಹುಳುಮನೆಯ ಹೀಟರಾಗಿದ್ದರೆ, ಒಳಗೆ 65 ಡಿಗ್ರಿ ಆಗುವವರೆಗೂ ಉರಿಯುತ್ತಲೇ ಇರುತ್ತಿತ್ತು. ಇಡೀ ಬೆಳೆ ಹೋಗುತ್ತಿತ್ತು. ಇದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಆಗಿದ್ದು ಇಷ್ಟು. ಎರಡೂ ಸಿಪಿಪಿ ಫೈಲುಗಳಲ್ಲಿ 'ಲಿಮಿಟ್ಸ್' ಎಂಬ ಸ್ಟ್ರಕ್ಟ್ ಇತ್ತು. ಎರಡರಲ್ಲೂ ಕನಿಷ್ಠ, ಗರಿಷ್ಠ ಎಂಬ ಎರಡು ಫ್ಲೋಟ್, ಮತ್ತು ಫ್ಲ್ಯಾಶಿನಿಂದ ಓದುವ 'ಲೋಡ್' ಎಂಬ ಫಂಕ್ಷನ್. ಒಂದರ ಲೋಡ್ ಬಿಸಿಯ ವಿಭಾಗ ಓದುತ್ತದೆ, ಇನ್ನೊಂದರದ್ದು ತೇವದ ವಿಭಾಗ. ಸ್ಟ್ರಕ್ಟಿನೊಳಗೇ ಬರೆದ ಫಂಕ್ಷನ್ನನ್ನು ಸಿ++ ಇನ್‌ಲೈನ್ ಎಂದು ಎಣಿಸುತ್ತದೆ. ಅಂಥದ್ದು ಹಲವು ಫೈಲುಗಳಲ್ಲಿ ಬಂದರೆ ಎಲ್ಲ ಒಂದೇ ಇರುತ್ತವೆ ಎಂದು ನಂಬಿ ಲಿಂಕರ್ (ಕಂಪೈಲ್ ಆದ ಫೈಲುಗಳನ್ನು ಒಂದುಗೂಡಿಸುವ ಟೂಲ್) ಮೊದಲು ಸಿಕ್ಕ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. 'ಲಿಮಿಟ್ಸ್'ನ 'ಲೋಡ್' ಎಂದರೆ ಪ್ರೋಗ್ರಾಮಿಗೆಲ್ಲ ಒಂದೇ. ಫೈಲಿನ ಹೆಸರು ಬದಲಾದಾಗ ಲಿಂಕ್ ಆಗುವ ಕ್ರಮ ಬದಲಾಯಿತು, ಉಳಿಯುವ ಲೋಡ್ ಬದಲಾಯಿತು. ಒಂದು ಹೆಸರಿಗೆ ಒಂದೇ ಅರ್ಥವಿವರಣೆ ಇರಬೇಕು ಎಂಬುದು ಸಿ++ ನಿಯಮ. ಫೈಲುಗಳ ನಡುವೆ ಅದನ್ನು ಮುರಿದರೆ ಎರರ್ ಕೊಡಲೇಬೇಕೆಂದು ಅದೇ ನಿಯಮ ಹೇಳುವುದಿಲ್ಲ. ವಾರ್ನಿಂಗುಗಳನ್ನೆಲ್ಲ ಹಾಕಿದ್ದರೂ ಒಂದೂ ಬರಲಿಲ್ಲ.

ಖಾತ್ರಿ ಮಾಡಿಕೊಂಡ ಬಗೆ: ಐಡಿಇಯಲ್ಲಿ ಕಂಪೈಲಿನ ವಿವರ ತೋರಿಸುವ ಆಯ್ಕೆ ಹಾಕಿದರೆ ಬಿಲ್ಡ್ ಫೋಲ್ಡರ್ ಎಲ್ಲಿದೆ ಎಂದು ಕಾಣುತ್ತದೆ. ಇಎಸ್‌ಪಿ32 ಟೂಲುಗಳ ಫೋಲ್ಡರಿನಲ್ಲಿ, ಫೈಲಿನೊಳಗಿನ ಹೆಸರುಗಳನ್ನು ಪಟ್ಟಿ ಮಾಡುವ 'ಎನ್‌ಎಂ' ಎಂಬ ಟೂಲ್ ಇರುತ್ತದೆ. ದೊಡ್ಡಕ್ಷರದ 'ಸಿ' ಆಯ್ಕೆ ಕೊಟ್ಟು ಎರಡೂ ಆಬ್ಜೆಕ್ಟ್ ಫೈಲುಗಳ (ಒಂದೊಂದು ಸಿಪಿಪಿ ಕಂಪೈಲ್ ಆಗಿ ಬಂದ ಫೈಲು) ಮೇಲೆ ಓಡಿಸಿದೆ. ಎರಡರಲ್ಲೂ 'ಲಿಮಿಟ್ಸ್::ಲೋಡ್' ಸಾಲು, ಎರಡರ ಮುಂದೂ 'ಡಬ್ಲ್ಯೂ', ಅಂದರೆ ವೀಕ್ ಸಿಂಬಲ್, ಹಲವು ಕಡೆ ಇದ್ದರೆ ಒಂದನ್ನಷ್ಟೇ ಉಳಿಸಿಕೊಳ್ಳುವ ಹೆಸರು. ಎಲ್ಲ ಸೇರಿ ಆದ ಕೊನೆಯ ಇಎಲ್‌ಎಫ್ ಫೈಲಿನಲ್ಲಿ ಒಂದೇ ಒಂದು.

ಹಂತ 7: ತಿದ್ದಿದ ಬಗೆ

ಹೆಸರು ಬದಲಿಸಿ 'ಬಿಸಿಲಿಮಿಟ್ಸ್', 'ತೇವಲಿಮಿಟ್ಸ್' ಎಂದರೆ ಇವತ್ತಿನ ಕೆಲಸ ಆಗುತ್ತದೆ. ನಾಳೆ ಇನ್ನೊಂದು ಜೋಡಿ ಹೀಗೇ ಸೇರಿಕೊಂಡರೆ ಮತ್ತೆ ಯಾರೂ ಹೇಳುವುದಿಲ್ಲ. ಫಂಕ್ಷನ್ನಿನ ಮುಂದೆ 'ಸ್ಟ್ಯಾಟಿಕ್' ಹಾಕಿ ಫೈಲಿನೊಳಗೆ ಕಟ್ಟಿಹಾಕುವ ಹಾಗೆ ಸ್ಟ್ರಕ್ಟಿಗೆ ಹಾಕಲು ಬರುವುದಿಲ್ಲ. ಅದಕ್ಕಿರುವುದು ಹೆಸರಿಲ್ಲದ ನೇಮ್‌ಸ್ಪೇಸ್. 'ನೇಮ್‌ಸ್ಪೇಸ್' ಎಂದು ಬರೆದು ಹೆಸರು ಕೊಡದೆ ಬ್ರೇಸ್ ತೆರೆದು ಸ್ಟ್ರಕ್ಟನ್ನು ಒಳಗಿಟ್ಟರೆ ಆ ಸ್ಟ್ರಕ್ಟು, ಅದರ ಫಂಕ್ಷನ್ನುಗಳು ಆ ಫೈಲಿಗೆ ಮಾತ್ರ. ಎರಡೂ ಫೈಲಿನಲ್ಲಿ ಹಾಗೆ ಮಾಡಿ, ಹೆಸರನ್ನು ಲಿಮಿಟ್ಸ್ ಎಂದೇ ಬಿಟ್ಟು ಕಂಪೈಲ್ ಮಾಡಿದೆ. ಎನ್‌ಎಂ ಈಗ ಡಬ್ಲ್ಯೂ ಬದಲು ಸಣ್ಣಕ್ಷರದ 'ಟಿ' ತೋರಿಸಿತು, ಅಂದರೆ ಫೈಲಿನೊಳಗಿನ ಸಿಂಬಲ್. ಬಿಸಿ 24–25, ತೇವ 65–75, ಎರಡೂ ತಮ್ಮ ತಮ್ಮ ಜಾಗದಲ್ಲಿ.

ಅದು ಇಷ್ಟು ಚೆನ್ನಾಗಿ ಕೆಲಸ ಮಾಡಿತೆಂದು ಹೆಡರ್ ಫೈಲಿನಲ್ಲೂ ಹೆಸರಿಲ್ಲದ ನೇಮ್‌ಸ್ಪೇಸ್ ಹಾಕಿ ನೋಡಿದೆ. ಈಗಿನ ಬಿಸಿ, ತೇವ ಇಟ್ಟುಕೊಳ್ಳುವ ವೇರಿಯಬಲ್ ಅಲ್ಲಿತ್ತು. ಫೋನಿನ ಪುಟದಲ್ಲಿ ಎರಡೂ ಸೊನ್ನೆ. ಹೆಡರನ್ನು ಸೇರಿಸಿಕೊಂಡ ಒಂದೊಂದು ಸಿಪಿಪಿಗೂ ಪ್ರತ್ಯೇಕ ಪ್ರತಿ ಹುಟ್ಟಿತ್ತು. ಬಿಸಿಯ ಫೈಲು ತನ್ನ ಪ್ರತಿಯನ್ನು ತುಂಬುತ್ತಿತ್ತು, ಪುಟ ತೋರಿಸುವ ಫೈಲು ತನ್ನ ಖಾಲಿ ಪ್ರತಿಯನ್ನು ತೋರಿಸುತ್ತಿತ್ತು. ಹೆಡರಿನಲ್ಲಿ ಇದು ಕೂಡದು.

ಹಂಚಿಕೊಳ್ಳುವ ಸ್ಟ್ರಕ್ಟುಗಳನ್ನೆಲ್ಲ 'ಹುಳು' ಎಂಬ ಹೆಸರಿನ ನೇಮ್‌ಸ್ಪೇಸಿಗೆ ಹಾಕಿದೆ. ಒಂದೇ ಊರಲ್ಲಿ ಇಬ್ಬರು ಮುನಿಯಪ್ಪ ಇದ್ದರೆ ನಾವು ಮನೆಯ ಗುರುತು ಸೇರಿಸಿ ಕರೆಯುತ್ತೇವಲ್ಲ, ಹಾಗೆ. ಈಗ 'ಹುಳು::ಸರ್ವರ್' ಎಂದು ಇಟ್ಟುಕೊಂಡರೂ ಆರ್ಡುಯಿನೋದ ಸರ್ವರಿಗೆ ಅಡ್ಡ ಬರುವುದಿಲ್ಲ. ಆದರೆ 'ಹುಳು::' ಎಂದು ಪದೇಪದೇ ಬರೆಯಲು ಬೇಜಾರಾಗಿ ಮೇಲೆ 'ಯೂಸಿಂಗ್ ನೇಮ್‌ಸ್ಪೇಸ್ ಹುಳು' ಎಂದು ಹಾಕಿದರೆ ಗುರುತೇ ಹೋಗುತ್ತದೆ, ಬರೀ 'ಸರ್ವರ್' ಎಂದ ಕಡೆಯೆಲ್ಲ 'ಆಂಬಿಗ್ಯುಯಸ್' ಎಂಬ ಎರರ್ ಬರುತ್ತದೆ. ಪೂರ್ತಿ ಬರೆಯುವುದೇ ಸರಿ. ಮ್ಯಾಕ್ರೋಗಳ ಮುಂದೆ ನೇಮ್‌ಸ್ಪೇಸಿನ ಆಟ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಬಿ1 ಮ್ಯಾಕ್ರೋ ಆಗಿರುವ ಬೋರ್ಡಿನಲ್ಲಿ 'ಹುಳು::ಬಿ1' ಎಂದರೂ ಅದು 1 ಆಗಿಯೇ ಹೋಗುತ್ತದೆ.

ಜ್ವರ, ಚಂದ್ರಂಕಿ, ಸೊಪ್ಪು, ಬಿಡುವು, ಹೊತ್ತು: ಸ್ಟ್ರಕ್ಟಿಗೆ, ಫಂಕ್ಷನ್ನಿಗೆ ಇಂಥ ಹೆಸರಿಟ್ಟ ಕಡೆ ಒಂದು ಸಲವೂ ಜಗಳ ಆಗಿಲ್ಲ. ಯಾವ ಲೈಬ್ರರಿಯವರೂ ಇವನ್ನು ಬಳಸಿರುವುದಿಲ್ಲ.

ಹಂತ 8: ಮತ್ತೆ ಗೋಡೆಗೆ

ಮತ್ತೆ ಹಾಕುವ ಮೊದಲು ಎರಡು ಭದ್ರತೆ ಸೇರಿಸಿದೆ. ಒಂದು ಕೋಡಿನಲ್ಲಿ: ಬಿಸಿಯ ಗರಿಷ್ಠ ಮಿತಿ 30 ದಾಟಿದ್ದರೆ ಅಥವಾ ತೇವದ ಕನಿಷ್ಠ ಮಿತಿ 50ಕ್ಕಿಂತ ಕಡಿಮೆ ಇದ್ದರೆ ಪೆಟ್ಟಿಗೆ ಯಾವ ರಿಲೇಯನ್ನೂ ಎಳೆಯದೆ ಬಜರ್ ಮಾತ್ರ ಕೂಗಿಸುತ್ತದೆ. ಇನ್ನೊಂದು ಕೋಡಿನ ಹೊರಗೆ: ಹೀಟರಿನ ಕಾಂಟ್ಯಾಕ್ಟರ್ ಕಾಯಿಲಿನ ಲೈನಿನಲ್ಲಿ ಸೀರೀಸ್ ಆಗಿ ಒಂದು ಕ್ಯಾಪಿಲರಿ ಥರ್ಮೋಸ್ಟಾಟ್, 650 ರೂಪಾಯಿ, 30 ಡಿಗ್ರಿಗೆ ತಿರುಗಿಸಿಟ್ಟದ್ದು. ಬೋರ್ಡು ಏನೇ ಹೇಳಲಿ, 30 ದಾಟಿದರೆ ಅದು ಲೈನ್ ಕಡಿಯುತ್ತದೆ. ಬಿಸಿನೀರಿನ ಲೋಟದಲ್ಲಿ ಅದರ ಬಲ್ಬ್ ಅದ್ದಿ, ಕಾಂಟ್ಯಾಕ್ಟರ್ ಬಿಡುವ ಸದ್ದನ್ನು ಚಿಕ್ಕಪ್ಪನಿಗೆ ಕೇಳಿಸಿದೆ. ಅದಾದ ಮೇಲೆಯೇ ಅವರು ಹೀಟರ್ ಜೋಡಿಸಲು ಒಪ್ಪಿದ್ದು. ಒಟ್ಟು ಖರ್ಚು 6,700 ರೂಪಾಯಿಗೆ ನಿಂತಿತು.

ಬೆಳೆ ಎತ್ತಿದ ಮೇಲೆ ಹುಳುಮನೆಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹೊಡೆಯುತ್ತಾರೆ. ಆ ಕ್ಲೋರಿನ್ನು ಸೆನ್ಸರಿಗೆ ಒಳ್ಳೆಯದಲ್ಲ. ಎರಡೂ ಸೆನ್ಸರಿಗೆ ಪ್ಲಗ್ ಕನೆಕ್ಟರ್ ಇಟ್ಟಿದ್ದೇನೆ, ಹೊಡೆಯುವ ಮೊದಲು ಕಿತ್ತು ಹೊರಗಿಟ್ಟು ಒಣಗಿದ ಮೇಲೆ ಹಾಕಿಕೊಳ್ಳಬಹುದು.

ಅಪ್‌ಲೋಡಿಗೆ ಮೊದಲು ಒಂದು ಸಣ್ಣ ಸ್ಕ್ರಿಪ್ಟ್ ಓಡಿಸುತ್ತೇನೆ. ನನ್ನ ಸಿಪಿಪಿಗಳಿಂದ ಬಂದ ಆಬ್ಜೆಕ್ಟ್ ಫೈಲುಗಳ ಮೇಲೆ ಎನ್‌ಎಂ ಓಡಿಸಿ, ಒಂದಕ್ಕಿಂತ ಹೆಚ್ಚು ಫೈಲಿನಲ್ಲಿ ಬಂದ ಡಬ್ಲ್ಯೂ ಸಾಲುಗಳನ್ನು ಪಟ್ಟಿ ಮಾಡುತ್ತದೆ. ಹೆಡರಿನಿಂದ ಬಂದವು, ಲೈಬ್ರರಿಯವು ಅದರಲ್ಲಿ ಇದ್ದೇ ಇರುತ್ತವೆ, ಅವುಗಳಿಂದ ತೊಂದರೆ ಇಲ್ಲ. ಸಿಪಿಪಿಯೊಳಗೆ ಬರೆದ ನನ್ನ ಸ್ಟ್ರಕ್ಟಿನ ಹೆಸರು ಅಲ್ಲಿ ಕಂಡರೆ ಅಪ್‌ಲೋಡ್ ನಿಲ್ಲಿಸುತ್ತೇನೆ.

ಬಾಕಿ ಇರುವುದು ಚಂದ್ರಂಕಿ ಸ್ವಿಚ್ಚು. ಹುಳು ಹಣ್ಣಾದಾಗ ಚಿಕ್ಕಪ್ಪ ಪೆಟ್ಟಿಗೆಯ ಮೇಲಿನ ಒಂದು ಟಾಗಲ್ ಒತ್ತಿದರೆ ತೇವದ ಮಿತಿ 60–65ಕ್ಕೆ ಇಳಿಯಬೇಕು, ಗೂಡು ಬಿಡಿಸಿದ ಮೇಲೆ ಇನ್ನೊಮ್ಮೆ ಒತ್ತಿದರೆ 65–75ಕ್ಕೆ ಮರಳಬೇಕು. ಟಾಗಲ್ ತಂದಿದ್ದೇನೆ. ಪಿನ್ 27 ಖಾಲಿ ಇದೆ, ಅದಕ್ಕೆ ಜೋಡಿಸುತ್ತೇನೆ.